ಕಂಡದ್ದನ್ನಷ್ಟೇ ಬರೆಯಿರಿ: ಹಳೆಯ ಪುಸ್ತಕ, ಹಳೆಯ ವಸ್ತುಗಳ ಪ್ರಶ್ನೋತ್ತರ

ಮನೆಯಲ್ಲಿರುವ ಹಳೆಯ ಪುಸ್ತಕ, ಕಡತ, ಪಾತ್ರೆಗಳನ್ನು ಮಾರಬೇಕೆಂದಿರುವ ಓದುಗರ ಸಂದೇಹಗಳಿಗೆ ತುಮಕೂರಿನಲ್ಲಿ ಬಹುಕಾಲದಿಂದ ಹಳೆಯ ಪುಸ್ತಕಗಳ ವ್ಯಾಪಾರ ಮಾಡಿಕೊಂಡಿರುವವರೊಬ್ಬರು ಇಲ್ಲಿ ಉತ್ತರಿಸುತ್ತಾರೆ. ಹೆಸರು ಪ್ರಕಟಿಸುವುದು ಬೇಡವೆಂದು ಹಲವರು ಕೇಳಿಕೊಂಡದ್ದರಿಂದ ಊರುಗಳನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ಮಾನ್ಯರೇ, ನಮ್ಮ ತಾತನವರ ಟ್ರಂಕಿನಲ್ಲಿ ‘ಮಂಕುತಿಮ್ಮನ ಕಗ್ಗ’ದ ಹಳೆಯ ಪ್ರತಿಯೊಂದು ಸಿಕ್ಕಿದೆ. ಮೊದಲ ಎರಡು ಹಾಳೆಗಳು ಕಿತ್ತುಹೋಗಿವೆ. ಹಿಂದಿನ ರಟ್ಟಿನ ಮೇಲೆ ಬೆಲೆಯನ್ನು ರೂಪಾಯಿ ಮತ್ತು ‘ನ.ಪೈ.’ಗಳಲ್ಲಿ ಅಚ್ಚು ಹಾಕಿದ್ದಾರೆ. ಒಳಗೆ ‘ಡಿ.ವಿ.ಜಿ.’ ಎಂಬ ಸಹಿಯಿದೆ. ಅವರು ನಮ್ಮೂರಿನವರೇ ಆದ್ದರಿಂದ ಇದು ಮೊದಲ ಮುದ್ರಣದ ಪ್ರತಿಯೇ ಇರಬೇಕೆಂದು ಮನೆಯವರೆಲ್ಲ ಹೇಳುತ್ತಾರೆ. ಹಾಗೆಂದು ಜಾಹೀರಾತಿನಲ್ಲಿ ಬರೆಯಬಹುದೇ?
— ಮುಳಬಾಗಿಲಿನ ಓದುಗರು

ಉತ್ತರ: ಬರೆಯಬಾರದು. ನೀವೇ ತಿಳಿಸಿರುವ ‘ನ.ಪೈ.’ ಎಂಬ ಎರಡಕ್ಷರ ಮನೆಯವರ ಮಾತನ್ನು ಅಲ್ಲಗಳೆಯುತ್ತದೆ. ಕಗ್ಗ ಮೊದಲು ಅಚ್ಚಾದದ್ದು 1943ರಲ್ಲಿ. ಆಗ ನಡೆಯುತ್ತಿದ್ದದ್ದು ರೂಪಾಯಿ, ಆಣೆ, ಪೈಗಳ ಲೆಕ್ಕ. ನೂರು ಪೈಸೆಯ ರೂಪಾಯಿ ಜಾರಿಗೆ ಬಂದದ್ದು 1957ರ ಏಪ್ರಿಲ್ 1ರಂದು, ಮತ್ತು ಆ ಹೊಸ ಪೈಸೆಯನ್ನು ‘ನಯಾ ಪೈಸೆ’ ಎಂದು ಕರೆದದ್ದು 1964ರ ನಡುವಿನವರೆಗೆ ಮಾತ್ರ. ಆದ್ದರಿಂದ ನಿಮ್ಮ ಪ್ರತಿ ಆ ಏಳು ವರ್ಷಗಳ ಅವಧಿಯಲ್ಲಿ ಅಚ್ಚಾದದ್ದೆಂದು ಹೇಳಬಹುದೇ ಹೊರತು ಅದಕ್ಕಿಂತ ಹಿಂದಕ್ಕೆ ಒಯ್ಯಲು ಆಧಾರವಿಲ್ಲ. ಹಳೆಯ ದಾಸ್ತಾನಿನ ಮೇಲೆ ಹೊಸ ಬೆಲೆಯ ರಬ್ಬರ್ ಮೊಹರು ಒತ್ತಿ ಮಾರುತ್ತಿದ್ದದ್ದೂ ಉಂಟು. ಆದರೆ ನಿಮ್ಮ ಪ್ರತಿಯಲ್ಲಿ ಬೆಲೆ ಅಚ್ಚಾಗಿಯೇ ಇದೆ ಎನ್ನುತ್ತೀರಿ.

ಮುದ್ರಣದ ವಿವರವಿರುವ ಹಾಳೆ ಕಳೆದುಹೋದ ಪುಸ್ತಕಗಳ ಕಾಲವನ್ನು ಹೀಗೆ ಸಣ್ಣಪುಟ್ಟ ಗುರುತುಗಳಿಂದಲೇ ಅಂದಾಜು ಮಾಡಬೇಕಾಗುತ್ತದೆ. ಪ್ರಕಾಶಕರ ವಿಳಾಸದಲ್ಲಿ ಆರು ಅಂಕಿಗಳ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ಕ್ಕಿಂತ ಈಚಿನದು, ಏಕೆಂದರೆ ಅಂಚೆಯವರು ಆ ಪದ್ಧತಿಯನ್ನು ತಂದದ್ದೇ ಅಂದು. ‘ಮೈಸೂರು ರಾಜ್ಯ’ ಎಂದಿದ್ದರೆ ಸಾಮಾನ್ಯವಾಗಿ 1973ರ ನವೆಂಬರ್ 1ಕ್ಕಿಂತ ಹಿಂದಿನದು. ಇವು ಯಾವ ಕಾಲದ ಆಚೆ ಅಥವಾ ಈಚೆ ಎಂಬುದನ್ನು ಹೇಳುತ್ತವೆಯೇ ಹೊರತು ಎಷ್ಟನೆಯ ಮುದ್ರಣವೆಂಬುದನ್ನು ಹೇಳುವುದಿಲ್ಲ ಎಂಬುದನ್ನು ಮರೆಯಬೇಡಿ.

ಇನ್ನು ಸಹಿಯ ಮಾತು. ಲೇಖಕರ ಸಹಿಯ ಲೋಹದ ಅಚ್ಚು (ಬ್ಲಾಕ್) ಮಾಡಿಸಿ ಭಾವಚಿತ್ರದ ಕೆಳಗೋ ಮುನ್ನುಡಿಯ ಕೊನೆಗೋ ಅಚ್ಚು ಹಾಕುವ ರೂಢಿ ಹಿಂದೆ ಇತ್ತು. ಭೂತಗನ್ನಡಿಯಲ್ಲಿ ನೋಡಿದಾಗ ಲೇಖನಿಯ ಶಾಯಿ ಕಾಗದದ ನಾರಿನೊಳಗೆ ಅಲ್ಲಲ್ಲಿ ಹರಡಿರುವುದು, ಗೆರೆ ತಿರುಗುವ ಕಡೆ ಶಾಯಿ ದಟ್ಟವಾಗಿರುವುದು ಕಾಣುತ್ತದೆ. ಬ್ಲಾಕಿನ ಸಹಿ ಸುತ್ತಲಿನ ಅಕ್ಷರಗಳಷ್ಟೇ ಕಪ್ಪಾಗಿ, ಒಂದೇ ಸಮನಾಗಿ ಇರುತ್ತದೆ. ಶಾಯಿಯ ಸಹಿಯೇ ಎಂದು ಖಚಿತವಾದರೂ ‘ಡಿ.ವಿ.ಜಿ. ಎಂಬ ಶಾಯಿಯ ಸಹಿ ಇದೆ, ಪರಿಣತರಿಂದ ಪರೀಕ್ಷೆ ಮಾಡಿಸಿಲ್ಲ’ ಎಂದಷ್ಟೇ ಬರೆಯಿರಿ. ಕೊಳ್ಳುವವರು ತಮ್ಮ ಬಳಿ ಇರುವ ಕಾಗದಪತ್ರಗಳೊಂದಿಗೆ ಹೋಲಿಸಿಕೊಳ್ಳಲಿ.

ಪ್ರಶ್ನೆ: ನಾನು ನಿವೃತ್ತ ಉಪಾಧ್ಯಾಯ. ನಮ್ಮ ತಂದೆಯವರು ಕೊಂಡಿದ್ದ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ಕೋಶವನ್ನು ಮಾರಬೇಕೆಂದಿದ್ದೇನೆ. ಬೆನ್ನು ಹರಿದಿದೆ, ಹುಳು ಬಿದ್ದಿದೆ. ಇದನ್ನೆಲ್ಲ ಬರೆದರೆ ಯಾರಾದರೂ ಕೊಂಡಾರೆಯೇ? ವಿವರಣೆಯನ್ನು ಹೇಗೆ ಬರೆಯಬೇಕು, ಎಷ್ಟು ಬೆಲೆ ಹೇಳಬೇಕು?
— ಮಧುಗಿರಿಯ ಓದುಗರು

ಉತ್ತರ: ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳಿಗೆ, ಅದರಲ್ಲೂ ತುಮಕೂರು ಜಿಲ್ಲೆಯ ಹನ್ನೆರಡನೆಯ ಸಂಪುಟ (1904) ಮತ್ತು ಕೋಲಾರ ಜಿಲ್ಲೆಯ ಹತ್ತನೆಯ ಸಂಪುಟಕ್ಕೆ (1905) ನಮ್ಮ ಕಡೆ ಸದಾ ಕೇಳುವವರಿರುತ್ತಾರೆ. ಅಂಥ ಒಂದು ಸಂಪುಟವನ್ನು ನಾನು ರಟ್ಟು ಗಟ್ಟಿಯಾಗಿದೆ, ಹಾಳೆ ಬಿಳುಪಾಗಿದೆ ಎಂಬ ಉತ್ಸಾಹದಲ್ಲಿ, ಒಂದೊಂದೇ ಹಾಳೆ ತಿರುವಿ ಎಣಿಸದೆ, ‘ಸಂಪೂರ್ಣ ಪ್ರತಿ’ ಎಂದು ಬರೆದು ಅಂಚೆಯಲ್ಲಿ ಕಳಿಸಿದೆ. ಹದಿನೈದು ದಿನ ಕಳೆದ ಮೇಲೆ ಕೊಂಡವರು ಬರೆದರು: ಒಂದು ಚಿತ್ರಫಲಕ ಇಲ್ಲ, ಯಾರೋ ಬ್ಲೇಡಿನಿಂದ ನಾಜೂಕಾಗಿ ಕತ್ತರಿಸಿಕೊಂಡಿದ್ದಾರೆ. ಪುಸ್ತಕದ ಹಣವನ್ನೂ ಎರಡು ಕಡೆಯ ಅಂಚೆ ವೆಚ್ಚವನ್ನೂ ನಾನೇ ಕೊಡಬೇಕಾಯಿತು. ಅದೇ ಪ್ರತಿಯನ್ನು ಮುಂದೆ ‘ಒಂದು ಫಲಕ ಇಲ್ಲ’ ಎಂಬುದನ್ನೇ ಮೊದಲ ಸಾಲಾಗಿಸಿ ಬರೆದಾಗ, ಬೆಲೆಯಲ್ಲಿ ಸ್ವಲ್ಪ ಇಳಿಸಬೇಕಾದರೂ, ಒಂದೇ ವಾರದಲ್ಲಿ ಮಾರಾಟವಾಯಿತು. ಹಳೆಯ ಪುಸ್ತಕ ಕೊಳ್ಳುವವರು ದೋಷಕ್ಕೆ ಹೆದರುವವರಲ್ಲ. ಪೊಟ್ಟಣ ಬಿಚ್ಚಿದಾಗ ಹೇಳದ ದೋಷ ಕಂಡರೆ ಮಾತ್ರ ಸಹಿಸುವುದಿಲ್ಲ.

ಕಿಟ್ಟೆಲ್ ಕೋಶದ ವಿಷಯದಲ್ಲಿ ಮೊದಲು ತಿಳಿಯಬೇಕಾದದ್ದು ನಿಮ್ಮದು ಯಾವ ಮುದ್ರಣವೆಂಬುದು. ಮೂಲ ಪುಸ್ತಕ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರಿಂದ ಹೊರಬಂದದ್ದು; ಪೀಠಿಕೆಯನ್ನು ಬಿಟ್ಟು 1,752 ಪುಟಗಳ ಒಂದೇ ದಪ್ಪ ಸಂಪುಟ. ಮದರಾಸು ವಿಶ್ವವಿದ್ಯಾನಿಲಯದವರು ಮರಿಯಪ್ಪ ಭಟ್ಟರಿಂದ ಪರಿಷ್ಕರಿಸಿ ಪ್ರಕಟಿಸಿದ್ದು ನಾಲ್ಕು ಸಂಪುಟಗಳಲ್ಲಿದೆ, ಅದನ್ನು ಗುರುತಿಸುವುದು ಸುಲಭ. ತೊಡಕಾಗುವುದು ದೆಹಲಿಯಲ್ಲಿ ಅಚ್ಚಾದ ಯಥಾಪ್ರತಿ ಮರುಮುದ್ರಣಗಳಿಂದ, ಏಕೆಂದರೆ ಅವು ಮೂಲದ ಪುಟಗಳ ಛಾಯೆಯೇ ಆಗಿವೆ. ಪರೀಕ್ಷೆ ಸರಳವಾದದ್ದು. ಒಂದು ಹಾಳೆಯನ್ನು ಬೆಳಗಿನ ಬಿಸಿಲಿಗೆ ಓರೆಯಾಗಿ ಹಿಡಿದು ಅದರ ಹಿಂಬದಿಯನ್ನು ಬೆರಳ ತುದಿಯಿಂದ ಮೆಲ್ಲನೆ ಸವರಿ: ಸೀಸದ ಮೊಳೆಗಳನ್ನು ಜೋಡಿಸಿ ಒತ್ತಿದ ಮುದ್ರಣವಾದರೆ ಅಕ್ಷರಗಳು ಕಾಗದವನ್ನು ಒತ್ತಿದ ತರಿ ಸಾಮಾನ್ಯವಾಗಿ ಬೆರಳಿಗೆ ತಾಗುತ್ತದೆ, ಆಫ್‌ಸೆಟ್ ಮುದ್ರಣದ ಹಾಳೆ ನುಣುಪಾಗಿರುತ್ತದೆ.

ಮೂಲ ಮುದ್ರಣವೆಂದು ಖಚಿತವಾದರೆ ವಿವರಣೆ ಹೆಚ್ಚುಕಡಿಮೆ ಹೀಗಿರಬಹುದು: ‘ಕನ್ನಡ–ಇಂಗ್ಲಿಷ್ ಡಿಕ್ಷನರಿ, ರೆವರೆಂಡ್ ಎಫ್. ಕಿಟ್ಟೆಲ್, ಮಂಗಳೂರು, 1894. ಮೂಲ ರಟ್ಟು ಇಲ್ಲ. ನಂತರದ ಕಾಲದ ಕ್ಯಾಲಿಕೊ (ಬಟ್ಟೆಯ) ಬೈಂಡಿಂಗ್, ಬೆನ್ನಿನ ಮೇಲ್ತುದಿ ಎರಡು ಅಂಗುಲ ಹರಿದಿದೆ. ಶೀರ್ಷಿಕೆ ಪುಟ ಇದೆ, ಬಲಮೂಲೆ ಮುರಿದಿದೆ, ಅಕ್ಷರ ಹೋಗಿಲ್ಲ. ಪುಟ 311ರಿಂದ 326ರವರೆಗೆ ಹುಳುವಿನ ತೂತು, ಆರು ಕಡೆ ಅಕ್ಷರ ನಷ್ಟವಾಗಿದೆ. ಕೊನೆಯ ಹಾಳೆಗಳಲ್ಲಿ ನೀರಿನ ಕಲೆ. ಒಳರಟ್ಟಿನಲ್ಲಿ ಹಿಂದಿನ ಒಡೆಯರ ಹೆಸರು, ಶಾಯಿಯಲ್ಲಿ. ಪುಟಗಳನ್ನು ಎಣಿಸಿ ನೋಡಿದೆ, ಸಂಪೂರ್ಣ.’ ಅಂಕಿಗಳನ್ನು ನಾನು ಮಾದರಿಗಾಗಿ ಹಾಕಿದ್ದೇನೆ, ನಿಮ್ಮ ಪ್ರತಿಯದನ್ನು ನೀವು ತುಂಬಿಕೊಳ್ಳಿ. ‘ಅತ್ಯಪರೂಪ’, ‘ಬೇರೆಲ್ಲೂ ಸಿಗದು’, ‘ಅಮೂಲ್ಯ’ ಎಂಬ ಮಾತುಗಳು ಇದರಲ್ಲಿ ಎಲ್ಲಿಯೂ ಬಂದಿಲ್ಲವೆಂಬುದನ್ನು ಗಮನಿಸಿ. ಅಂಥ ಪದಗಳನ್ನು ಕಂಡರೆ ಬಲ್ಲ ಗಿರಾಕಿ ಮುಂದಿನ ಸಾಲನ್ನೇ ಓದುವುದಿಲ್ಲ. ಫೋಟೊಗಳಲ್ಲಿ ಶೀರ್ಷಿಕೆ ಪುಟ, ಬೆನ್ನು, ಮತ್ತು ಎಲ್ಲಕ್ಕಿಂತ ಹೆಚ್ಚು ಹಾಳಾದ ಹಾಳೆ ಇರಲೇಬೇಕು. ಹರಿದ ಬೆನ್ನಿಗೆ ಸೆಲೋಟೇಪ್ ಮಾತ್ರ ಅಂಟಿಸಬೇಡಿ. ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದಾಗಿ ಕಾಗದಕ್ಕೆ ಇಳಿಯುತ್ತದೆ, ಆಮೇಲೆ ಬಿಡಿಸಲು ಹೋದರೆ ಅಕ್ಷರವೂ ಜೊತೆಗೆ ಬರುತ್ತದೆ.

ಬೆಲೆಯನ್ನು ನಾನು ಹೇಳುವುದಿಲ್ಲ, ಏಕೆಂದರೆ ಪ್ರತಿಯನ್ನು ಕೈಯಲ್ಲಿ ಹಿಡಿದು ನೋಡಿಲ್ಲ. ಅಂತರ್ಜಾಲದಲ್ಲಿ ಕಾಣುವುದು ಬಹುಮಟ್ಟಿಗೆ ಮಾರುವವರು ಕೇಳುತ್ತಿರುವ ಬೆಲೆ, ಕೊಂಡವರು ಕೊಟ್ಟ ಬೆಲೆಯಲ್ಲ. ಮೂರು ವರ್ಷದಿಂದ ಅಲ್ಲೇ ಮಾರಾಟವಾಗದೆ ಉಳಿದಿರುವ ಪ್ರತಿಯ ಬೆಲೆಯನ್ನು ನೋಡಿ ನಿಮ್ಮದನ್ನು ನಿಗದಿ ಮಾಡಬೇಡಿ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳಲ್ಲಿ ಇಬ್ಬರು ಮೂವರನ್ನು ವಿಚಾರಿಸಿ, ಅವರು ಕೊಡುವೆವೆನ್ನುವ ಮೊತ್ತ ಮತ್ತು ಅವರೇ ಮಾರುವಾಗ ಹೇಳುವ ಮೊತ್ತ ಎರಡನ್ನೂ ತಿಳಿದುಕೊಂಡರೆ ನ್ಯಾಯವಾದ ಬೆಲೆ ಅವೆರಡರ ನಡುವೆ ಎಲ್ಲೋ ಸಿಗುತ್ತದೆ. ಗುಜರಿಯವರಿಗೆ ಮಾತ್ರ ತೂಕಕ್ಕೆ ಹಾಕಬೇಡಿ.

ಪ್ರಶ್ನೆ: ಟ್ರ್ಯಾಕ್ಟರ್ ಚಿತ್ರವಿರುವ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆಂದು ಮೊಬೈಲಿನಲ್ಲಿ ಒಬ್ಬರು ಹೇಳಿದ್ದಾರೆ. ನೋಂದಣಿಗೆಂದು ಮೊದಲು ಸ್ವಲ್ಪ ಹಣ ಕಳಿಸಬೇಕಂತೆ. ರಿಸರ್ವ್ ಬ್ಯಾಂಕಿನ ಪತ್ರವನ್ನೂ ತೋರಿಸಿದ್ದಾರೆ.
— ಗೌರಿಬಿದನೂರಿನ ಓದುಗರು

ಉತ್ತರ: ಕಳಿಸಬೇಡಿ. ಹಳೆಯ ನೋಟು, ನಾಣ್ಯಗಳ ಮಾರಾಟಕ್ಕಾಗಿ ತಾನು ಯಾರಿಂದಲೂ ಶುಲ್ಕ ಅಥವಾ ಕಮಿಷನ್ ಪಡೆಯುವುದಿಲ್ಲ, ತನ್ನ ಹೆಸರಿನಲ್ಲಿ ಪಡೆಯಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲೇ ಪ್ರಕಟಣೆ ಹೊರಡಿಸಿದೆ. ಆ ಟ್ರ್ಯಾಕ್ಟರ್ ನೋಟು ಅಪಾರ ಸಂಖ್ಯೆಯಲ್ಲಿ ಅಚ್ಚಾದದ್ದು. ಕೊಳ್ಳುವವನು ಮಾರುವವನಿಂದಲೇ ಮುಂಗಡ ಕೇಳುವ ವ್ಯಾಪಾರ ಯಾವ ಸಂತೆಯಲ್ಲೂ ಇಲ್ಲ. ಇಂಥ ಮೋಸಗಳ ಪಟ್ಟಿಗೆ ಅಕ್ಕಿಕಾಳನ್ನು ಸೆಳೆಯುವ ‘ಇರಿಡಿಯಂ ಚೆಂಬ’ನ್ನೂ, ರಾಮ ಸೀತೆಯರ ಚಿತ್ರದ ‘ಕಂಪನಿ ನಾಣ್ಯ’ವನ್ನೂ ಸೇರಿಸಿಕೊಳ್ಳಿ. ಈಸ್ಟ್ ಇಂಡಿಯಾ ಕಂಪನಿಯ ಯಾವ ಟಂಕಸಾಲೆಯೂ ಅಂಥ ನಾಣ್ಯವನ್ನು ಹೊಡೆದಿಲ್ಲ.

ಪ್ರಶ್ನೆ: ನಮ್ಮದು ಶ್ಯಾನುಭೋಗರ ಮನೆತನ. ಅಟ್ಟದ ಮೇಲೆ ಐದು ಕಪ್ಪು ಬಟ್ಟೆಯ ಕಡತಗಳು ಮತ್ತು ಎರಡು ಕಟ್ಟು ತಾಳೆಗರಿ ಇವೆ. ಒಂದರಲ್ಲಿ ‘ಈಶ್ವರ ಸಂವತ್ಸರ’ ಎಂದಿದೆ. ಅಮೆರಿಕದಲ್ಲಿರುವ ಸಂಬಂಧಿಕರೊಬ್ಬರು ಕೊಂಡು ಒಯ್ಯುತ್ತೇವೆನ್ನುತ್ತಾರೆ. ಕೊಡುವ ಮೊದಲು ಒರೆಸಿ ಚೊಕ್ಕಟ ಮಾಡಬೇಕೇ?
— ಚಿಂತಾಮಣಿಯ ಓದುಗರು

ಉತ್ತರ: ದಯವಿಟ್ಟು ಒದ್ದೆ ಬಟ್ಟೆಯನ್ನು ಅವುಗಳ ಹತ್ತಿರಕ್ಕೂ ತರಬೇಡಿ. ಕಡತವೆಂದರೆ ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಬಳಿದು ಗಟ್ಟಿ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆದದ್ದು. ಆ ಬಿಳಿಯ ಅಕ್ಷರ ಮೇಲ್ಮೈಯಲ್ಲಿ ಕುಳಿತಿರುತ್ತದೆಯೇ ಹೊರತು ಒಳಗೆ ಇಳಿದಿರುವುದಿಲ್ಲ. ಮನೆಯೊಂದರಲ್ಲಿ ನಾನು ಹೋಗುವ ಹೊತ್ತಿಗೆ ಸೊಸೆಯಂದಿರು ಸಡಗರದಿಂದ ಒಂದು ಕಡತವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟಿದ್ದರು. ಮೂರು ಮಡಿಕೆಗಳಷ್ಟು ಕಂದಾಯದ ಲೆಕ್ಕ ಅವರ ಕೈಯಲ್ಲಿದ್ದ ಬಟ್ಟೆಗೆ ಹೋಗಿತ್ತು. ಮೆತ್ತನೆಯ ಒಣ ಕುಂಚದಿಂದ ಅಂಚಿನ ಧೂಳನ್ನಷ್ಟೇ ತೆಗೆಯಿರಿ. ತಾಳೆಗರಿಗೆ ಸ್ವತಃ ಎಣ್ಣೆ ಸವರುವುದೂ ಬೇಡ, ಅದನ್ನು ಬಲ್ಲವರು ಮಾಡಲಿ.

ಸಂವತ್ಸರದ ಹೆಸರೊಂದರಿಂದಲೇ ಕಾಲವನ್ನು ಹೇಳಲಾಗದು, ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ. ಈಶ್ವರ 1877–78ರಲ್ಲಿ ಬಂದಿತ್ತು, 1937–38ರಲ್ಲಿಯೂ ಬಂದಿತ್ತು. ಶಕವರ್ಷ ಬರೆದಿದ್ದರೆ ಅದಕ್ಕೆ 78ನ್ನು ಕೂಡಿಸಿದರೆ ಇಸವಿ ಸಿಗುತ್ತದೆ: ಶಕ 1799 ಎಂದಿದ್ದರೆ ಮೊದಲನೆಯದು. ಹಿರಿಯರು ಇಂದಿಗೂ ನೆನೆಯುವ ಧಾತು, ಈಶ್ವರ ಸಂವತ್ಸರಗಳ (1876–78) ಬರದ ವರ್ಷಗಳ ಕಂದಾಯದ ಲೆಕ್ಕವೇ ನಿಮ್ಮಲ್ಲಿದ್ದರೆ ಇತಿಹಾಸ ಬರೆಯುವವರಿಗೆ ಅದರ ಬೆಲೆ ಹಣದಲ್ಲಿ ಸಿಗುವುದಕ್ಕಿಂತ ಹೆಚ್ಚಿನದು. ಆದರೂ ಕಡತವನ್ನು ಅಳಿಸಿ, ಮತ್ತೆ ಮಸಿ ಬಳಿದು ಬರೆಯುತ್ತಿದ್ದುದರಿಂದ ಬಟ್ಟೆಯ ವಯಸ್ಸೂ ಬರಹದ ವಯಸ್ಸೂ ಒಂದೇ ಎಂದುಕೊಳ್ಳಬೇಡಿ.

ಅಮೆರಿಕದ ಮಾತು. 1972ರ ಪ್ರಾಚೀನ ವಸ್ತುಗಳ ಕಾಯಿದೆಯ ಪ್ರಕಾರ ಸಾಹಿತ್ಯಿಕ, ಐತಿಹಾಸಿಕ ಮೌಲ್ಯದ ಹಸ್ತಪ್ರತಿ, ದಾಖಲೆಗಳು ಎಪ್ಪತ್ತೈದು ವರ್ಷ ದಾಟಿದರೆ, ವಿಗ್ರಹ, ನಾಣ್ಯ ಮೊದಲಾದವು ನೂರು ವರ್ಷ ದಾಟಿದರೆ, ಪ್ರಾಚೀನ ವಸ್ತುಗಳೆನಿಸುತ್ತವೆ. ಅವುಗಳನ್ನು ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆಯ ಹೊರತು ಯಾರೂ ದೇಶದ ಹೊರಗೆ ಒಯ್ಯುವಂತಿಲ್ಲ. ಒಯ್ದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸವಿದೆ. ಸಂಬಂಧಿಕರು ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಇಟ್ಟುಕೊಂಡು ಹೋಗುತ್ತೇವೆಂದರೂ ಒಪ್ಪಬೇಡಿ. ಇಂಥ ವಸ್ತುಗಳ ವ್ಯಾಪಾರ ನಡೆಸುವವರಿಗೆ ಪುರಾತತ್ವ ಇಲಾಖೆಯ ಪರವಾನಗಿ ಬೇಕು, ಆದ್ದರಿಂದ ದೇಶದೊಳಗೇ ಮಧ್ಯವರ್ತಿಗಳ ಮೂಲಕ ಕೊಡುವುದಾದರೆ ಅದನ್ನು ಕೇಳಿ ನೋಡಿ. ತಾಳೆಗರಿಯ ಮಟ್ಟಿಗೆ ನನ್ನ ಸಲಹೆ, ಮಾರುವುದಕ್ಕೆ ಮೊದಲು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಓದಿಸಿ. ಕೌಟಿಲ್ಯನ ಅರ್ಥಶಾಸ್ತ್ರ ಅಲ್ಲಿಗೆ ಬಂದದ್ದೂ ಇಂಥ ಓಲೆಯ ಕಟ್ಟಾಗಿಯೇ; ಅಲ್ಲಿಯ ಶಾಮಾಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು.

ಪ್ರಶ್ನೆ: ಅಜ್ಜಿಯ ಕಾಲದ ಎರಡು ಹಂಡೆಗಳನ್ನು ‘ಇನ್ನೂರು ವರ್ಷ ಹಳೆಯ ಕಂಚಿನ ಹಂಡೆ’ ಎಂದು ಮಾರಬಹುದೇ? ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ಯಾರದೋ ಹೆಸರು ಕೊರೆದಿದೆ. ಅದನ್ನು ಉಜ್ಜಿಸಿ ತೆಗೆಯಬೇಕೆಂದಿದ್ದೇವೆ.
— ಮಾಲೂರಿನ ಓದುಗರು

ಉತ್ತರ: ನೀರು ಕಾಯಿಸುವ ಹಂಡೆಗಳು ಬಹುಮಟ್ಟಿಗೆ ತಾಮ್ರದವು ಅಥವಾ ಹಿತ್ತಾಳೆಯವು. ಒಳಗೆ ಕಲಾಯಿ ಇದೆಯೇ, ತಳಕ್ಕೆ ಬೆಸುಗೆ ಹಾಕಿಸಿದ್ದಾರೆಯೇ, ತೂಕ ಎಷ್ಟು, ಬಾಯಿಯ ಅಗಲ ಎಷ್ಟು ಎಂಬುದನ್ನು ಬರೆಯಿರಿ, ಲೋಹ ಯಾವುದೆಂದು ಪಾತ್ರೆ ಅಂಗಡಿಯವರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಹುಣಸೆಹಣ್ಣು, ಬೂದಿ ಹಾಕಿ ಫಳಫಳ ಹೊಳೆಯುವಂತೆ ತಿಕ್ಕಬೇಡಿ. ಹಳೆಯ ಲೋಹ ಕೊಳ್ಳುವವರು ಆ ಕಂದು ಬಣ್ಣವನ್ನೇ ಹುಡುಕಿಕೊಂಡು ಬರುತ್ತಾರೆ. ‘ಇನ್ನೂರು ವರ್ಷ’ಕ್ಕೆ ನಿಮ್ಮ ಬಳಿ ಇರುವ ಆಧಾರ ಅಜ್ಜಿಯ ಮಾತು ಮಾತ್ರವಾದರೆ, ‘ಅಜ್ಜಿಯ ಮದುವೆಯಲ್ಲಿ ಬಂದದ್ದೆಂದು ಮನೆಯಲ್ಲಿ ಹೇಳುತ್ತಾರೆ’ ಎಂದು ಬರೆದರೆ ಸಾಕು. ಆ ಹೆಸರನ್ನು ಮಾತ್ರ ಉಜ್ಜಿಸಬೇಡಿ. ಮದುವೆಗೆ ಪಾತ್ರೆ ಕೊಟ್ಟವರ ಹೆಸರನ್ನು ಅಂಗಡಿಯಲ್ಲೇ ಹೀಗೆ ಚುಕ್ಕೆಯಲ್ಲಿ ಹೊಡೆಸುತ್ತಿದ್ದರು, ಕೆಲವೊಮ್ಮೆ ತಾರೀಕೂ ಇರುತ್ತದೆ. ಸ್ವಲ್ಪ ಸೀಮೆಸುಣ್ಣದ ಪುಡಿ ಸವರಿ ಬೆಳಕಿಗೆ ಹಿಡಿದರೆ ಓದಲು ಬರುತ್ತದೆ. ಕಂಡದ್ದನ್ನು ಅಕ್ಷರಕ್ಕಕ್ಷರ ವಿವರಣೆಯಲ್ಲಿ ಸೇರಿಸಿ, ‘ಚಿ.ಸೌ.’ ಎಂದಿದ್ದರೆ ಅದನ್ನೂ ಹಾಗೆಯೇ.