ಊರು ಬದಲಾದರೆ ಮಗುವಿನ ವಿಮೆ ಏನಾಗುತ್ತೆ?

ಪ್ರಶ್ನೆ: ನಮ್ಮ ಅಕ್ಕ, ಭಾವ ಅಮೆರಿಕದಲ್ಲಿದ್ದಾರೆ. ಭಾವನಿಗೆ ಬೇರೆ ಕೆಲಸ ಸಿಕ್ಕಿ ಬಾಸ್ಟನ್‌ನಿಂದ ಡಲ್ಲಾಸ್‌ಗೆ ಹೊರಟಿದ್ದಾರೆ. ಮೂರು ವರ್ಷದ ಮಗಳು ಅಲ್ಲೇ ಹುಟ್ಟಿದವಳು. ಹೊಸ ಕಂಪನಿಯ ವಿಮೆ ಶುರುವಾಗಲು ಮೂರು ತಿಂಗಳು ಬೇಕಂತೆ. ಮಕ್ಕಳ ವಿಷಯದಲ್ಲಿ ಟೆಕ್ಸಾಸ್ ತುಂಬಾ ಹಿಂದೆ ಅಂತ ಓದಿ ಅಕ್ಕ ಗಾಬರಿಯಾಗಿದ್ದಾಳೆ. ಒಂದೇ ದೇಶದಲ್ಲಿ ಅಷ್ಟು ವ್ಯತ್ಯಾಸ ಇರುತ್ತಾ? (ಹೆಸರು ಹಾಕಬೇಡಿ)

ಉತ್ತರ: ಇರುತ್ತೆ, ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿನೇ. 2023ರ ಲೆಕ್ಕದಲ್ಲಿ ಟೆಕ್ಸಾಸ್‌ನ ನೂರು ಮಕ್ಕಳಲ್ಲಿ ಸುಮಾರು 12 ಮಕ್ಕಳಿಗೆ ವಿಮೆ ಇರಲಿಲ್ಲ. ಬಾಸ್ಟನ್ ಇರೋ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಅಂಥವರು ನೂರಕ್ಕೆ ಇಬ್ಬರೂ ಇಲ್ಲ.

ಬಡವರಿಗಾಗಿ 1965ರಲ್ಲಿ ಮೆಡಿಕೇಡ್ ಅನ್ನೋ ಸರ್ಕಾರಿ ವಿಮೆ ಬಂತು. ಅದಕ್ಕೆ ಸಿಗದಷ್ಟು ಆದಾಯ ಇದ್ದರೂ ಖಾಸಗಿ ವಿಮೆ ಕೊಳ್ಳಲಾಗದ ಮನೆಗಳ ಮಕ್ಕಳಿಗೆ 1997ರಲ್ಲಿ ಚಿಪ್ ಅನ್ನೋ ಇನ್ನೊಂದು ಸರ್ಕಾರಿ ವಿಮೆ ಬಂತು. ಎರಡಕ್ಕೂ ಕೇಂದ್ರ ಸರ್ಕಾರ ಮತ್ತು ರಾಜ್ಯ ಸೇರಿ ದುಡ್ಡು ಹಾಕುತ್ತವೆ, ಆದರೆ ಯಾರಿಗೆ ಕೊಡಬೇಕು ಅನ್ನೋ ಗೆರೆಯನ್ನು ಬಹುಪಾಲು ರಾಜ್ಯವೇ ಎಳೆಯುತ್ತೆ. ಬಡತನ ರೇಖೆಯ ಮೂರು ಪಟ್ಟು ಆದಾಯದವರೆಗೂ ಮ್ಯಾಸಚೂಸೆಟ್ಸ್ ಮಕ್ಕಳನ್ನು ಸೇರಿಸಿಕೊಳ್ಳುತ್ತೆ, ಟೆಕ್ಸಾಸ್ ಸುಮಾರು ಎರಡು ಪಟ್ಟಿಗೇ ನಿಲ್ಲಿಸುತ್ತೆ. ಇನ್ನೊಂದು ವಿಷಯ, ಬಡ ವಯಸ್ಕರಿಗೆಲ್ಲ ಮೆಡಿಕೇಡ್ ಕೊಡಲು ಟೆಕ್ಸಾಸ್ ಒಪ್ಪಿಲ್ಲ. ಅಪ್ಪ ಅಮ್ಮನ ಹೆಸರೇ ಪಟ್ಟಿಯಲ್ಲಿ ಇಲ್ಲದ ಮನೆಯಲ್ಲಿ ಮಗುವಿನ ಹೆಸರು ಬರೆಸೋದೂ ಮರೆತುಹೋಗುತ್ತೆ ಅಲ್ವಾ? ಮೆಡಿಕೇಡ್ ಪಟ್ಟಿಯಿಂದ ಹೆಸರು ತೆಗೆಯಬಾರದು ಅಂತಿದ್ದ ಕೊರೊನಾ ಕಾಲದ ರಕ್ಷಣೆಯನ್ನು 2023ರ ಏಪ್ರಿಲ್‌ನಿಂದ ತೆಗೆದಾಗಲಂತೂ ಅಲ್ಲಿ ಲಕ್ಷಗಟ್ಟಲೆ ಮಕ್ಕಳ ಹೆಸರು ಬಿಟ್ಟುಹೋಯಿತು, ಎಷ್ಟೋ ಮಕ್ಕಳದ್ದು ಬರೀ ಕಾಗದ ಪತ್ರದ ತೊಡಕಿನಿಂದ. ನನಗೆ ಸಿಟ್ಟು ಬರೋದು ಅಲ್ಲೇ.

ಆದರೆ ಅಕ್ಕನಿಗೆ ಇದನ್ನೂ ಹೇಳಿ. ಮಕ್ಕಳಿಗಾಗಿ ಕೆಲಸ ಮಾಡೋ ಆ್ಯನಿ ಇ. ಕೇಸಿ ಫೌಂಡೇಶನ್ ಅನ್ನೋ ಸಂಸ್ಥೆ ಪ್ರತಿ ವರ್ಷ ಕಿಡ್ಸ್ ಕೌಂಟ್ ಅನ್ನೋ ವರದಿ ತರುತ್ತೆ. ಮನೆಯ ಆದಾಯ, ಓದು, ಆರೋಗ್ಯ, ಕುಟುಂಬ, ಹೀಗೆ 16 ಅಳತೆ ಹಿಡಿದು ರಾಜ್ಯಗಳಿಗೆ ಸ್ಥಾನ ಕೊಡುತ್ತಾರೆ. ಅದರಲ್ಲಿ ವಿಮೆ ಒಂದು ಅಳತೆ ಅಷ್ಟೇ. ಇತ್ತೀಚಿನ ವರ್ಷಗಳಲ್ಲಿ ಕೊನೆಯ ಸ್ಥಾನ ನ್ಯೂ ಮೆಕ್ಸಿಕೋದ್ದು, ಅಲ್ಲಿ ವಿಮೆ ಇಲ್ಲದ ಮಕ್ಕಳು ಟೆಕ್ಸಾಸ್‌ಗಿಂತ ಎಷ್ಟೋ ಕಡಿಮೆ! ವಿಮೆ ಕಾರ್ಡ್ ಇದ್ದ ಮಾತ್ರಕ್ಕೆ ಮನೆಯ ಬಡತನ ಹೋಗಲ್ಲ. ಹಾಗೇ, ರಾಜ್ಯ ಹಿಂದಿದೆ ಅಂತ ನಿಮ್ಮ ಅಕ್ಕನ ಮಗಳಿಗೆ ಏನೂ ಆಗಿಬಿಡಲ್ಲ.

ನಿಜವಾಗಿ ನೋಡಬೇಕಾದ್ದು ಆ ಮೂರು ತಿಂಗಳು. ಮ್ಯಾಸಚೂಸೆಟ್ಸ್‌ನ ಸರ್ಕಾರಿ ವಿಮೆ ಇದ್ದರೆ ಅದು ಜೊತೆಗೆ ಬರಲ್ಲ, ಟೆಕ್ಸಾಸ್‌ನಲ್ಲಿ ಹೊಸದಾಗಿ ಅರ್ಜಿ ಹಾಕಬೇಕು. ಭಾವನ ಸಂಬಳ ನೀವು ಬರೆದಿಲ್ಲ, ಸಂಕೋಚ ಇರಬಹುದು. ಮೂರು ಜನರ ಮನೆಗೆ 2025ರ ಬಡತನ ರೇಖೆ ವರ್ಷಕ್ಕೆ 26,650 ಡಾಲರ್, ಅದರ ಎರಡು ಪಟ್ಟಿನೊಳಗೆ ಇದ್ದರೆ ಚಿಪ್‌ಗೆ ಪ್ರಯತ್ನಿಸಬಹುದು. ಅಪ್ಪ ಅಮ್ಮ ವೀಸಾದಲ್ಲಿದ್ದರೂ ಅಲ್ಲೇ ಹುಟ್ಟಿದ ಮಗು ಅಲ್ಲಿನ ಪ್ರಜೆ, ಹಾಗಾಗಿ ಅದು ಅಡ್ಡಿಯಲ್ಲ. ಅರ್ಜಿಗೆ ಇಂಥದ್ದೇ ತಿಂಗಳು ಅಂತ ಇಲ್ಲ. ಸಂಬಳ ಜಾಸ್ತಿ ಇದ್ದರೆ ಹಳೇ ಕಂಪನಿಯ ವಿಮೆಯನ್ನೇ ಕೋಬ್ರಾ ಕಾನೂನಿನಡಿ ಪೂರ್ತಿ ಕಂತು ಕಟ್ಟಿ ಮುಂದುವರಿಸಬಹುದು, ಬೇಕಿದ್ದರೆ ಮಗುವಿಗೆ ಮಾತ್ರ. ಇಲ್ಲವೇ ಹಳೇ ವಿಮೆ ನಿಂತ 60 ದಿನದೊಳಗೆ ಖಾಸಗಿ ವಿಮೆ ಸಿಗೋ ಸರ್ಕಾರದ ಜಾಲತಾಣ ಮಾರ್ಕೆಟ್‌ಪ್ಲೇಸ್‌ನಲ್ಲಿ ಹೊಸದು ಕೊಳ್ಳಬೇಕು. ಈ 60 ದಿನ ತಪ್ಪಿಸಿಕೊಂಡವರು ತುಂಬಾ ಜನ.

ಲಸಿಕೆ ಚೀಟಿಯನ್ನು ಸಾಮಾನಿನ ಡಬ್ಬಗಳ ಜೊತೆ ಪ್ಯಾಕ್ ಮಾಡದೆ ಅಕ್ಕ ಕೈಚೀಲದಲ್ಲೇ ಇಟ್ಟುಕೊಳ್ಳಲಿ. ನಡುವೆ ವಿಮೆ ಇಲ್ಲದೇ ಹೋದರೂ 18 ವರ್ಷದವರೆಗಿನ ಮಕ್ಕಳಿಗೆ ಅಲ್ಲಿ ಕೇಂದ್ರ ಸರ್ಕಾರದ ಲಸಿಕೆ ಪುಕ್ಕಟೆ ಸಿಗುತ್ತೆ, ಚುಚ್ಚಿದ್ದಕ್ಕೆ ಒಂದಿಷ್ಟು ಶುಲ್ಕ ಕೇಳಬಹುದು.