ಆಟೋರೂಟರ್‌ಗೆ ಬಿಡುವ ಮೊದಲು ಕೈಯಾರೆ ಎಳೆಯಬೇಕಾದ ಗೆರೆಗಳು

ಎರಡು ಪದರದ ಸರ್ಕ್ಯೂಟ್ ಬೋರ್ಡು, 12 ವೋಲ್ಟಿನಿಂದ 5ಕ್ಕೆ ಇಳಿಸುವ ಬಕ್ ಕನ್ವರ್ಟರ್, ಜೊತೆಗೆ ಎಟಿಮೆಗಾ328 ಮೈಕ್ರೋಕಂಟ್ರೋಲರ್. ತಾಮ್ರದ ಗೆರೆಗಳನ್ನು ತಾನೇ ಎಳೆಯುವ ಆಟೋರೂಟರ್ ಫ್ರೀರೂಟಿಂಗ್ ಎಲ್ಲ ನೆಟ್‌ಗಳನ್ನೂ (ಒಂದಕ್ಕೊಂದು ಸೇರಬೇಕಾದ ಪಿನ್‌ಗಳ ಗುಂಪುಗಳನ್ನು) ಜೋಡಿಸಿದೆ, ವಿನ್ಯಾಸದ ನಿಯಮಗಳನ್ನು ತಪಾಸಿಸುವ ಡಿಆರ್‌ಸಿಯಲ್ಲೂ ತಪ್ಪಿಲ್ಲ, ಹಾಗೇ ಬೋರ್ಡ್ ಮಾಡಿಸಲು ಕಳಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಕಳಿಸಬೇಡಿ.

ಡಿಆರ್‌ಸಿ ಮುಖ್ಯವಾಗಿ ನೋಡುವುದು ಅಂತರ, ಅಗಲ, ಬಿಟ್ಟುಹೋದ ಜೋಡಣೆ ಇಂಥವನ್ನೇ. ಕರೆಂಟು ಯಾವ ದಾರಿಯಲ್ಲಿ ವಾಪಸ್ ಬರುತ್ತದೆ ಅನ್ನೋದು ಅದಕ್ಕೂ ಗೊತ್ತಿಲ್ಲ, ಆಟೋರೂಟರ್‌ಗೂ ಗೊತ್ತಿಲ್ಲ. ಬಕ್‌ನಲ್ಲಿ ಇನ್‌ಪುಟ್ ಕೆಪಾಸಿಟರ್, ಸ್ವಿಚ್, ಡಯೋಡ್ ಈ ಮೂರರ ಸುತ್ತು ಇದೆಯಲ್ಲ, ಅಲ್ಲಿ ಕರೆಂಟು ಪ್ರತಿ ಸೈಕಲ್ಲಿಗೂ ತಟ್ಟನೆ ಏರಿ ತಟ್ಟನೆ ಇಳಿಯುತ್ತದೆ. ಆ ಸುತ್ತು ದೊಡ್ಡದಾದಷ್ಟೂ ರಿಂಗಿಂಗ್ (ವೋಲ್ಟೇಜಿನ ಬೇಡದ ಕಂಪನ), ನಾಯ್ಸ್ ಜಾಸ್ತಿ. ನನ್ನದೇ ಒಂದು ಬೋರ್ಡಿನಲ್ಲಿ ಆಟೋರೂಟರ್ ಆ ಕೆಪಾಸಿಟರಿನ ಗ್ರೌಂಡನ್ನು ಎರಡು ವಯಾ (ಪದರಗಳನ್ನು ಜೋಡಿಸುವ ತೂತು) ಹಾಕಿ ಬೋರ್ಡಿನ ಅಂಚು ಸುತ್ತಿಸಿ ತಂದಿತ್ತು. ವೋಲ್ಟೇಜನ್ನು ಅಂಕಿಯಾಗಿ ಓದುವ ಎಡಿಸಿಯ ರೀಡಿಂಗ್ ಒಂದು ಕಡೆ ನಿಲ್ಲುತ್ತಲೇ ಇರಲಿಲ್ಲ. ಕೆಪಾಸಿಟರನ್ನು ಬಕ್ ಐಸಿಗೆ ಅಂಟಿದಂತೆ ಇಟ್ಟು ಅಗಲ ತಾಮ್ರದಲ್ಲಿ ಜೋಡಿಸಿದ ಮೇಲೆ ಸರಿಹೋಯಿತು.

ಹಾಗಾಗಿ ಈಗಿರುವ ರೂಟಿಂಗ್ ಅಳಿಸಿ. ಮೊದಲು ಬಕ್ ಭಾಗ, ಆಮೇಲೆ 16 ಮೆಗಾಹರ್ಟ್ಸ್ ಕ್ರಿಸ್ಟಲ್, ಐಸಿಯ ಪವರ್ ಪಿನ್ ಬಳಿ ವೋಲ್ಟೇಜನ್ನು ಸ್ಥಿರವಾಗಿಡುವ 100 ನ್ಯಾನೋಫ್ಯಾರಡ್ ಡಿಕಪ್ಲಿಂಗ್ ಕೆಪಾಸಿಟರ್‌ಗಳನ್ನು ನೀವೇ ರೂಟ್ ಮಾಡಿ. ಕೆಳಗಿನ ಪದರವನ್ನು ಆದಷ್ಟೂ ಗ್ರೌಂಡಿಗೇ ಬಿಡಿ. ಎಳೆದದ್ದನ್ನು ಬೋರ್ಡು ವಿನ್ಯಾಸದ ತಂತ್ರಾಂಶ ಕೀಕ್ಯಾಡ್‌ನಲ್ಲಿ ಲಾಕ್ ಮಾಡಿ, ನಂತರ ಆಟೋರೂಟರ್ ಓದಬಲ್ಲ ಡಿಎಸ್‌ಎನ್ ಫೈಲ್ ಅದರಿಂದ ತೆಗೆದು ಫ್ರೀರೂಟಿಂಗ್‌ಗೆ ಕೊಡಿ. ಎಲ್‌ಇಡಿ, ಬಟನ್, ಡಿಸ್‌ಪ್ಲೇ ಹೆಡರ್ ಗೆರೆಗಳನ್ನು ಅದು ಧಾರಾಳವಾಗಿ ಎಳೆಯಲಿ. ಆಗಲೂ ಗೆರೆಗಳು ಸಿಕ್ಕಾಗುತ್ತಿದ್ದರೆ ಬಿಡಿಭಾಗಗಳ ಜಾಗವನ್ನೇ ಬದಲಿಸಿ ನೋಡಿ. ಐಸಿಯನ್ನು 90 ಡಿಗ್ರಿ ತಿರುಗಿಸಿದರೇ ಎಷ್ಟೋ ಸಲ ದಾರಿ ಬಿಚ್ಚಿಕೊಳ್ಳುತ್ತದೆ.