ಕತೆ ಸಾಕು, ಆ ಎಕ್ಸ್‌ರೇ ಬೇಕು

ನಮಸ್ಕಾರ,

'ಮ್ಯಾಪ್ ಆಫ್ ದಿ ಹ್ಯೂಮನ್ ಹಾರ್ಟ್' ಸಿನಿಮಾದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರಾಗಬೇಡಿ, ಯಾಕೆ ಅಂತ ಹೇಳುತ್ತೇನೆ.

ಒಂಬತ್ತು ಪುಟದಲ್ಲಿ ಏಳು ಪುಟ ಬರೀ ಕತೆ. 1931ರಲ್ಲಿ ಆರ್ಕ್ಟಿಕ್ ಪ್ರದೇಶದ ನಕ್ಷೆ ಮಾಡಲು ಬಂದ ಬ್ರಿಟಿಷ್ ರಸೆಲ್, ಕ್ಷಯ ಹಿಡಿದ ಹುಡುಗ ಅವಿಕ್‌ನನ್ನು ವಿಮಾನದಲ್ಲಿ ಮಾಂಟ್ರಿಯಲ್ ಆಸ್ಪತ್ರೆಗೆ ಸೇರಿಸುತ್ತಾನೆ. ಅಲ್ಲಿ ಆಲ್ಬರ್ಟೀನ್ ಸಿಗುತ್ತಾಳೆ, ದೂರಾಗುತ್ತಾಳೆ. ಎರಡನೇ ಮಹಾಯುದ್ಧದ ಕಾಲಕ್ಕೆ ಇಂಗ್ಲೆಂಡಿನಲ್ಲಿ ಮತ್ತೆ ಸಿಗುತ್ತಾಳೆ, ಅಷ್ಟರಲ್ಲಿ ರಸೆಲ್‌ನ ಜೊತೆಯಾಗಿರುತ್ತಾಳೆ. ಆಮೇಲೆ ಜರ್ಮನಿಯ ಡ್ರೆಸ್ಡೆನ್ ಮೇಲೆ ಬಾಂಬ್ ದಾಳಿ. ನೋಡಿ, ಇಷ್ಟೇ ಸಾಕಿತ್ತು.

ನಿಮ್ಮ ಮೊದಲ ಸಾಲು 'ಪ್ರೀತಿಗೆ ಗಡಿಯಿಲ್ಲ'. ಈ ಸಿನಿಮಾದ ತುಂಬ ಇರುವುದು ಗಡಿಯೇ ಅಲ್ವಾ? 'ಇನ್ಯೂಟ್ ಹುಡುಗ, ಬಿಳಿ ಹುಡುಗಿ' ಅಂತಲೂ ಬರೆದಿದ್ದೀರಿ. ಅದು ತಪ್ಪು. ಅವಿಕ್ ಅರ್ಧ ಇನ್ಯೂಟ್ (ಆರ್ಕ್ಟಿಕ್‌ನ ಮೂಲನಿವಾಸಿ), ಅರ್ಧ ಬಿಳಿಯ. ಆಲ್ಬರ್ಟೀನ್ ಕೂಡ ಅರ್ಧ ಬಿಳಿ, ಅರ್ಧ ಕೆನಡಾದ ಮೂಲನಿವಾಸಿ. ಆದರೆ ಅವಳು ಬಿಳಿಯಳೆಂದು ತೋರಿಸಿಕೊಂಡು ಬದುಕಬಹುದು, ಅವನಿಗೆ ಆಗುವುದಿಲ್ಲ. ಜಗಳವೆಲ್ಲ ಅಲ್ಲಿದೆ. ನೀವು ಅದನ್ನೇ ಅಳಿಸಿಬಿಟ್ಟಿದ್ದೀರಿ.

ಈಗ ಆರನೇ ಪುಟ. 'ಅವಿಕ್ ಅವಳ ಎದೆಯ ಎಕ್ಸ್‌ರೇಯನ್ನು ವರ್ಷಗಟ್ಟಲೆ ಜೋಪಾನ ಮಾಡಿದ.' ಈ ಒಂದು ಸಾಲು ಓದಿ ನಾನು ಪೆನ್ಸಿಲ್ ಕೆಳಗಿಟ್ಟೆ. ಲೇಖನ ಇಲ್ಲಿಂದ ಶುರುವಾಗಬೇಕು. ಫೋಟೋ ಅಲ್ಲ, ಕಾಗದ ಅಲ್ಲ, ಕಿಟಕಿಯ ಬೆಳಕಿಗೆ ಹಿಡಿದರೆ ಪಕ್ಕೆಲುಬು ಕಾಣುವ ಕಪ್ಪು ಹಾಳೆ. ಅದನ್ನೇ ಅವಿಕ್ ರಸೆಲ್ ಕೈಗೆ ಕೊಟ್ಟು 'ಅವಳನ್ನು ಹುಡುಕಿಕೊಡು' ಅನ್ನುತ್ತಾನೆ. ಹುಡುಕಿದವನು ತಾನೇ ಇಟ್ಟುಕೊಂಡ! ನಕ್ಷೆ ಮಾಡುವವನಿಗೆ ನಕ್ಷೆ ಕೊಟ್ಟರೆ ಇನ್ನೇನಾಗುತ್ತೆ? ಅವಳ ಕೆಲಸವೂ ವಿಮಾನದಿಂದ ತೆಗೆದ ಚಿತ್ರಗಳನ್ನು ಓದುವುದು. ಎಲ್ಲರೂ ಮೇಲಿನಿಂದ, ಇಲ್ಲವೇ ಒಳಹೊಕ್ಕು ನೋಡುವವರೇ. ಹೆಸರಿನಲ್ಲಿರುವ 'ಮ್ಯಾಪ್' ಇದು.

ಕ್ಷಯದ ಬಗ್ಗೆ ನೀವು ಓದಿರುವುದು ಸಂತೋಷ. ಆದರೆ ಕಾಲ ಕಲಸಿದ್ದೀರಿ. ಸಿ.ಡಿ. ಹೌ ಎಂಬ ಕೆನಡಾ ಸರ್ಕಾರದ ಹಡಗು ಇನ್ಯೂಟ್ ಜನರ ಊರೂರು ಸುತ್ತಿ ಕ್ಷಯ ಪತ್ತೆಗೆ ಎಕ್ಸ್‌ರೇ ತೆಗೆದದ್ದು 1950ರಿಂದೀಚೆ, ಅವಿಕ್‌ನ ಬಾಲ್ಯದಲ್ಲಿ ಅಲ್ಲ. ಹಡಗು ಹತ್ತಿದವರ ಎಕ್ಸ್‌ರೇಯಲ್ಲಿ ಕಲೆ ಕಂಡರೆ ಎಷ್ಟೋ ಸಲ ಮನೆಯವರಿಗೆ ಹೇಳಿಬರಲೂ ಇಳಿಸುತ್ತಿರಲಿಲ್ಲ. 1956ರ ಹೊತ್ತಿಗೆ ಇನ್ಯೂಟ್ ಜನರಲ್ಲಿ ಸುಮಾರು ಏಳರಲ್ಲಿ ಒಬ್ಬರು ದಕ್ಷಿಣ ಕೆನಡಾದ ಆಸ್ಪತ್ರೆಗಳಲ್ಲಿದ್ದರು. ಎಷ್ಟೋ ಮನೆಗಳಿಗೆ ತಮ್ಮವರನ್ನು ಎಲ್ಲಿ ಮಣ್ಣು ಮಾಡಿದರು ಅನ್ನುವುದೂ ತಿಳಿಯಲಿಲ್ಲ. 2019ರಲ್ಲಿ ಆಗಿನ ಕೆನಡಾ ಪ್ರಧಾನಿ ಟ್ರುಡೋ ಇನ್ಯೂಟ್ ನಾಡಿನ ಇಕಾಲುಯಿಟ್ ಊರಿಗೆ ಹೋಗಿ ಕ್ಷಮೆ ಕೇಳಿದರು. ಜನರನ್ನು ಮನೆಯಿಂದ ಕಿತ್ತ ಅದೇ ಹಾಳೆ ಈ ಸಿನಿಮಾದಲ್ಲಿ ಪ್ರೀತಿಯ ಗುರುತು. ಇದನ್ನು ಬಿಟ್ಟು ಕ್ಯಾಮೆರಾ ಚೆನ್ನಾಗಿದೆ ಅಂತ ಒಂದು ಪುಟ ಬರೆದಿದ್ದೀರಲ್ಲ!

ಸಣ್ಣಪುಟ್ಟದ್ದು: ಒಬ್ಬನಾದರೆ ಇನುಕ್, ಹಲವರಾದರೆ ಇನ್ಯೂಟ್. 'ಎಸ್ಕಿಮೋ' ಬೇಡ. ಹಿಮಕ್ಕೆ ನೂರು ಪದ ಅನ್ನುವ ಹಳೇ ಕತೆಯೂ ಬೇಡ, ಸುಮ್ನೆ ಜಾಗ ತಿನ್ನುತ್ತೆ. ಅವಿಕ್ ಪಾತ್ರ ಮಾಡಿದ ಜೇಸನ್ ಸ್ಕಾಟ್ ಲೀ 'ಇನ್ಯೂಟ್ ನಟ' ಅಲ್ಲ, ಹವಾಯಿಯಲ್ಲಿ ಬೆಳೆದವರು. ಬ್ರೂಸ್ ಲೀ ಪಾತ್ರ ಮಾಡಿದವರೂ ಇವರೇ. ಇನ್ಯೂಟ್ ಪಾತ್ರಕ್ಕೆ ಹೊರಗಿನವರು ಯಾಕೆ ಅಂತ ನೀವು ಕೇಳಬಹುದಿತ್ತು. ನಿರ್ದೇಶಕ ವಿನ್ಸೆಂಟ್ ವಾರ್ಡ್ ನ್ಯೂಜಿಲೆಂಡಿನವರು, ಅಮೆರಿಕದವರಲ್ಲ. 'ಅದ್ಭುತ' ಹನ್ನೊಂದು ಸಲ ಬಂದಿದೆ. ಬಲೂನಿನ ಮೇಲಿನ ಪ್ರಣಯ 'ಅದ್ಭುತ' ಅಂದರೆ ಓದುವವನಿಗೆ ಏನು ಕಾಣಬೇಕು? ಅದು ಶತ್ರು ವಿಮಾನ ಕೆಳಗೆ ಹಾರದಂತೆ ಕಟ್ಟಿದ ಬಲೂನು. ಅಷ್ಟು ಹೇಳಿ, ಸಾಕು.

ಏಳುನೂರು ಪದ, ಜಾಸ್ತಿ ಬೇಡ. ಹದಿನೈದು ದಿನದೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ನೋಡುತ್ತೇನೆ. ಹಾಂ, ಹೋದ ಸಲ ಫೋನ್ ನಂಬರ್ ಬರೆಯಲು ಮರೆತಿದ್ದೀರಿ.

ಸಂಪಾದಕ